ಎರ್ರಮ್ಮನ ಹೊಗೆಯಿಲ್ಲದ ಜಳಕದ ಮನೆ

ಮೈನಿಂಗ್ ಕಾಲದಲ್ಲಿ ನಮ್ಮ ಕಡೆ ಲಾರಿಯವರಿಗೆ ಎರಡೇ ಕಾಯಿಲೆ. ಟೈರು ತೂತಾಗುವುದು ಒಂದು, ಮೈ ಕೆಂಪಾಗುವುದು ಇನ್ನೊಂದು. ಮೊದಲನೆಯದಕ್ಕೆ ನಾನಿದ್ದೆ, ಎರಡನೆಯದಕ್ಕೆ ಎರ್ರಮ್ಮ ಇದ್ದಳು. ಗಾದಿಗನೂರು ಕ್ರಾಸಿನಲ್ಲಿ ನನ್ನ ಪಂಕ್ಚರ್ ಅಂಗಡಿಗೂ ಅವಳ ಜಳಕದ ಮನೆಗೂ ನಡುವೆ ಒಂದು ಬೇವಿನ ಮರ ಮಾತ್ರ ಇತ್ತು. ಅದು ಬೇವಿನ ಮರ ಎಂದು ಹೊಸಬರಿಗೆ ಹೇಳಿದರೆ ನಂಬುತ್ತಿರಲಿಲ್ಲ, ಅಷ್ಟು ಕೆಂಪಾಗಿತ್ತು.

ನಾನು ಹೇಳುತ್ತಿರುವುದು ಎರಡು ಸಾವಿರದ ಆರು, ಏಳನೇ ಇಸವಿಯ ಮಾತು. ಸಂಡೂರಿನ ಗುಡ್ಡಗಳನ್ನು ಲಾರಿಗೆ ತುಂಬಿ ಹಗಲು ರಾತ್ರಿ ಬಂದರುಗಳಿಗೆ ಸಾಗಿಸುತ್ತಿದ್ದರು. ಹೊಸಪೇಟೆ-ಬಳ್ಳಾರಿ ರಸ್ತೆ ದಾಟಬೇಕೆಂದು ಬೆಳಿಗ್ಗೆ ಬಂದು ನಿಂತ ಎಮ್ಮೆ ಮಧ್ಯಾಹ್ನ ಆಚೆ ಕಡೆ ಸೇರುತ್ತಿತ್ತು. ಸೀಟಿನಿಂದ ಇಳಿದ ಡ್ರೈವರ್ ಯಾವ ಊರಿನವನು, ಯಾವ ವಯಸ್ಸಿನವನು ಎಂದು ಅವನ ಹೆತ್ತ ತಾಯಿಯೂ ಹೇಳುವಂತಿರಲಿಲ್ಲ. ಅದಿರಿನ ಧೂಳು ತಣ್ಣೀರಿಗೆ ಜಗ್ಗುವುದಿಲ್ಲ. ಬೆವರು, ಡೀಸೆಲ್ ಜಿಡ್ಡು ಸೇರಿ ಮೈಗೆ ಅಂಟಿದರೆ ಬಿಸಿಬಿಸಿ ನೀರೇ ಬೇಕು. ಅದಕ್ಕೇ ಎರ್ರಮ್ಮನ ಬಾಗಿಲಲ್ಲಿ ಲಾರಿಗಳ ಸಾಲು.

ತಗಡು ಹೊಡೆದ ನಾಲ್ಕು ಗೂಡು, ಮಣ್ಣಿನ ದೊಡ್ಡ ಒಲೆ, ಅದರ ಮೇಲೆ ತಾಮ್ರದ ಹಂಡೆ, ಪಕ್ಕದಲ್ಲಿ ಗಂಡ ಹೆಂಡತಿ ಮಲಗುವ ಒಂದು ಕೋಣೆ. ಇಷ್ಟೇ ಅವಳ ಸಾಮ್ರಾಜ್ಯ. ಹತ್ತು ರೂಪಾಯಿಗೆ ಎರಡು ಬಕೀಟು ನೀರು, ಬೈಗುಳ ಪುಕ್ಕಟೆ. ಎಳೆಗೂಸಿಗೆ ಎರೆಯುವ ಮೊದಲು ನೋಡುತ್ತಾರಲ್ಲ, ಹಾಗೆ ಪ್ರತಿ ಬಕೀಟಿನಲ್ಲೂ ಮೊಳಕೈ ಅದ್ದಿ ಹದ ನೋಡುತ್ತಿದ್ದಳು. ಜಳಕ ಮುಗಿಸಿ ಹೊರಬಂದವನ ಕಿವಿಯ ಹಿಂದೆ ಬೆರಳು ಹಾಕಿ ಉಜ್ಜುತ್ತಿದ್ದಳು. ಬೆರಳು ಕೆಂಪಾದರೆ ಅವನು ಮತ್ತೆ ಒಳಗೆ. ಗುಂಟೂರಿನ ಮೀಸೆಯ ಗಂಡಸರು, ಹರಿಯಾಣದ ಆರಡಿ ಆಳುಗಳು ಇವಳ ಮುಂದೆ ಕಿವಿ ಬಗ್ಗಿಸಿಕೊಂಡು ನಿಲ್ಲುವುದನ್ನು ನೋಡಿ ನನಗೆ ಸಂತೋಷವಾಗುತ್ತಿತ್ತು. ಇದೇ ಗಂಡಸರು ನನ್ನ ಅಂಗಡಿಯಲ್ಲಿ ಗಾಳಿ ತುಂಬಿಸಿಕೊಂಡು ಐದು ರೂಪಾಯಿಗೆ ಅರ್ಧ ಗಂಟೆ ಜಗಳ ಮಾಡುತ್ತಿದ್ದರು.

ಎರ್ರಮ್ಮ ಹುಟ್ಟಿದ್ದು ಕಂಪ್ಲಿ ಕಡೆಯ ಒಂದು ಆಲೆಮನೆಯಲ್ಲಿ. ಅಪ್ಪ ಬೆಲ್ಲದ ಕೊಪ್ಪರಿಗೆಗೆ ಉರಿ ಹಾಕುವವನು. ಕೊಪ್ಪರಿಗೆಯ ಸದ್ದು ಕೇಳಿಯೇ ಕಾವು ಎಷ್ಟೆಂದು ಹೇಳುವುದನ್ನು ಅವಳು ಅಕ್ಷರ ಕಲಿಯುವ ವಯಸ್ಸಿನಲ್ಲಿ ಕಲಿತಳು, ಅಕ್ಷರ ಕಲಿಯಲಿಲ್ಲ. ಮಾರೆಪ್ಪ ಅದೇ ಆಲೆಮನೆಗೆ ಸೌದೆ ಒಡೆಯಲು ಬಂದವನು. ಹೆಣ್ಣು ನೋಡಲು ಬರುವವರು ಹೂವು ಹಣ್ಣು ತರುತ್ತಾರೆ, ಇವನು ಕೊಡಲಿ ತಂದಿದ್ದ ಎಂದು ಅವಳು ಹೇಳಿದಾಗೆಲ್ಲ ಮಾರೆಪ್ಪ ಮೀಸೆಯೊಳಗೇ ನಗುತ್ತಿದ್ದ. ಅವನದು ಮಾತು ಕಡಿಮೆ. ಇಬ್ಬರ ಪಾಲಿನದನ್ನೂ ಅವಳೇ ಆಡಿ ಮುಗಿಸುತ್ತಿದ್ದುದರಿಂದ ಅವನಿಗೆ ಉಳಿಯುತ್ತಲೇ ಇರಲಿಲ್ಲ. ಅವನು ಬಳ್ಳಾರಿ ಜಾಲಿ ಕಡಿದು ತಂದು ಒಡೆದು ಒಟ್ಟುವುದು, ಇವಳು ಉರಿ ಹಾಕುವುದು. ಮಕ್ಕಳಾಗಲಿಲ್ಲ. ಒಲೆ ಮಾತ್ರ ಆರಲಿಲ್ಲ.

ಆ ಒಲೆಯೇ ಅವಳ ಕಣ್ಣು ತಿಂದಿತು. ಹಸಿ ಜಾಲಿಯ ಹೊಗೆ ಎಂಥದ್ದೆಂದು ಅದರ ಮುಂದೆ ಕೂತವರಿಗೇ ಗೊತ್ತು. ಆ ಹೊಗೆಯಲ್ಲಿ ನನ್ನ ಪಾಲೂ ಇತ್ತು, ಮುಚ್ಚಿಟ್ಟು ಏನು ಮಾಡಲಿ? ಒಲೆ ಬೇಗ ಹತ್ತಲೆಂದು ದಿನಾ ಬೆಳಿಗ್ಗೆ ಹಳೆಯ ಟ್ಯೂಬಿನ ಚೂರುಗಳನ್ನು ಕೊಡುತ್ತಿದ್ದವನು ನಾನೇ, ಅದೂ ದೊಡ್ಡ ಉಪಕಾರ ಮಾಡಿದವನ ಗತ್ತಿನಲ್ಲಿ. ಮೊದಮೊದಲು ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆಮೇಲೆ ಕೆಂಪಡರಿತು. ಆಮೇಲಾಮೇಲೆ ಗೋಡೆ ಹಿಡಿದು ಓಡಾಡತೊಡಗಿದಳು. ಡ್ರೈವರ್‌ಗಳನ್ನು ಹಾರ್ನ್ ಮೇಲೆ, ಕೆಮ್ಮಿನ ಮೇಲೆ ಗುರುತು ಹಿಡಿಯುತ್ತಿದ್ದಳು. ಯಾರಾದರೂ ಕೇಳಿದರೆ ಧೂಳು ಬಿದ್ದಿದೆ ಎನ್ನುವಳು. ಆರು ವರ್ಷ ಅದೇ ಧೂಳು ಬಿದ್ದಿತ್ತು.

ಕೊನೆಗೆ ನಾನೇ ಹೊಸಪೇಟೆಗೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರು ರೆಪ್ಪೆ ಮಗುಚಿ ನೋಡಿದರು. ಎಡಗಣ್ಣಿನ ಕರಿಗುಡ್ಡೆಯ ಮೇಲೆ ಕಲೆ ಕೂತಿದೆ, ಅದು ಹೋಗುವುದಿಲ್ಲ. ಬಲಗಣ್ಣು ಉಳಿಯಬಹುದು, ಆದರೆ ಇವತ್ತಿನಿಂದಲೇ ಹೊಗೆ ಬಿಡಬೇಕು, ಬಿಡದಿದ್ದರೆ ಅದೂ ಹೋಗುತ್ತದೆ ಎಂದರು. ಒಲೆ ಇಲ್ಲದೆ ತಾನು ಯಾರು ಎಂದು ಎರ್ರಮ್ಮ ಅವರನ್ನೇ ಕೇಳಿದಳು. ಡಾಕ್ಟರು ಆ ಪ್ರಶ್ನೆಗೆ ಔಷಧಿ ಬರೆಯಲಿಲ್ಲ. ಹನಿ ಹಾಕುವ ಬಾಟಲಿ, ಒಂದು ಕಪ್ಪು ಕನ್ನಡಕ ಕೊಟ್ಟು ಕಳಿಸಿದರು.

ಸೋಲಾರ್ ಸಿದ್ದಲಿಂಗೇಶ್ ನಮಗೆ ಸಿಕ್ಕಿದ್ದು ಹೀಗೆ. ಮೈನಿಂಗಿನಲ್ಲಿ ದುಡ್ಡಾದವರು ಹೊಸಪೇಟೆಯಲ್ಲಿ ಕಟ್ಟಿಸುತ್ತಿದ್ದ ಬಂಗಲೆಗಳ ಮೇಲೆಲ್ಲ ಬಿಸಿನೀರಿನ ಪೆಟ್ಟಿಗೆ ಕೂರಿಸುತ್ತಿದ್ದವನು ಅವನು. ಬೈಕಿನ ಪಂಕ್ಚರ್ ಹಾಕಿಸಲು ಬಂದವನನ್ನು ಹಿಡಿದು ಎರ್ರಮ್ಮನ ಮುಂದೆ ನಿಲ್ಲಿಸಿದೆ. ಸೌದೆ ಬೇಡ, ಕರೆಂಟು ಬೇಡ, ಬಿಸಿಲೊಂದಿದ್ದರೆ ಸಾಕು ಎಂದ. ಬಿಸಿಲಿಗೇನು ಬರ, ನಮ್ಮಲ್ಲಿ ಬೇರೆ ಬೆಳೆ ಕೈಕೊಟ್ಟರೂ ಅದೊಂದು ಕೈಕೊಟ್ಟಿಲ್ಲ. ಎರ್ರಮ್ಮ ಕೇಳಿದ್ದು ಒಂದೇ: ನೀರು ಕಾದಾಗ ಸದ್ದು ಬರುತ್ತದೋ ಇಲ್ಲವೋ? ಬರುವುದಿಲ್ಲ ಎಂದ ಸಿದ್ದಲಿಂಗೇಶ್. ಸದ್ದಿಲ್ಲದೆ ಕಾಯುವ ನೀರಿನ ಮೇಲೆ ಅವಳಿಗೆ ಅನುಮಾನ ಬಂತು, ಆದರೂ ಕಣ್ಣಿನ ಆಸೆಗೆ ಒಪ್ಪಿದಳು.

ಪೆಟ್ಟಿಗೆ ಕೋಣೆಯ ಮಾಳಿಗೆ ಮೇಲೆ ಏರಿತು. ಅದರ ಗಾಜನ್ನು ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದಾಗ, ಇಡೀ ವರ್ಷಕ್ಕೆ ನಾಲ್ಕು ಮಾತಾಡುವ ಮಾರೆಪ್ಪ ಬಾಯಿಬಿಟ್ಟ. ದಕ್ಷಿಣ ಯಮನ ದಿಕ್ಕು, ಆ ಕಡೆ ಮುಖ ಮಾಡಿ ಯಾರೂ ಒಲೆ ಕೂಡ ಹಾಕುವುದಿಲ್ಲ, ಮನೆಯಲ್ಲಿ ಸಾವು ನೋಡಬೇಕಾಗುತ್ತದೆ ಎಂದ. ಸಿದ್ದಲಿಂಗೇಶ್ ಸೂರ್ಯನ ದಾರಿ ಕುರಿತು ಏನೇನೋ ವಿವರಿಸಲು ಹೋದ. ಎರ್ರಮ್ಮ ಅವನನ್ನು ತಡೆದಳು.

"ಈ ರೋಡಿನ್ಯಾಗ ಯಮ ದಿನಾ ಡ್ಯೂಟಿ ಮಾಡ್ತಾನ. ಅವನಿಗೂ ಸಂಜಿಕ ಎರಡು ಬಕೀಟು ಬಿಸಿನೀರು ಬೇಕಾಗ್ತಾವ. ಮುಖ ಅತ್ತಾಗ ಇರ್ಲಿ ಬಿಡು."

ಒಲೆ ಆರಿಸಿದರು. ಮರುದಿನ ಹತ್ತು ಗಂಟೆಗೆಲ್ಲ ನಲ್ಲಿಯಲ್ಲಿ ನೀರು ಕುದಿಯುವಂತೆ ಬಂತು. ಎರ್ರಮ್ಮ ಮೊಳಕೈ ಅದ್ದಿ, ಹಾ ಎಂದು ತೆಗೆದು, ಮಾಳಿಗೆಯತ್ತ ಮುಖವೆತ್ತಿ ಕೈಮುಗಿದಳು. ಬಕೀಟುಗಳನ್ನು ಸಾಲಾಗಿ ಇಟ್ಟಳು. ನಾನೂ ಹ್ಯಾಂಡ್ ಜಾಕ್ ಒರೆಸಿಟ್ಟು ಕೂತೆ. ಒಂದು ಲಾರಿಯೂ ನಿಲ್ಲಲಿಲ್ಲ.

ಎರಡನೇ ದಿನವೂ ಇಲ್ಲ, ಮೂರನೇ ದಿನವೂ ಇಲ್ಲ. ದಿನಾ ಬರುವ ಲಾರಿಗಳೇ ನಮ್ಮ ಕ್ರಾಸ್ ಹತ್ತಿರ ಬಂದಾಗ ವೇಗ ತಗ್ಗಿಸುತ್ತಿದ್ದವು, ಡ್ರೈವರ್ ಒಮ್ಮೆ ಈ ಕಡೆ ನೋಡಿ, ಕೈ ಎದೆಗೆ ಮುಟ್ಟಿಸಿಕೊಂಡು ಮುಂದೆ ಹೋಗುತ್ತಿದ್ದ. ಏನೋ ಹೊಸ ಶೋಕಿ ಎಂದುಕೊಂಡೆ. ಜಳಕಕ್ಕೆ ನಿಲ್ಲದವರು ಪಂಕ್ಚರ್‌ಗೂ ನಿಲ್ಲುವುದಿಲ್ಲ. ನನ್ನ ಹೊಟ್ಟೆಯೂ ಅವಳ ಹಂಡೆಯ ಮೇಲೇ ನಿಂತಿತ್ತೆಂದು ಆಗಲೇ ನನಗೆ ಸರಿಯಾಗಿ ತಿಳಿದದ್ದು.

ನಾಲ್ಕನೇ ದಿನ ಬಂಡ್ರಿಯ ಜಡೆಪ್ಪ ಲಾರಿ ನಿಲ್ಲಿಸಿದ. ಹತ್ತು ವರ್ಷದಿಂದ ಅವಳಲ್ಲೇ ಜಳಕ ಮಾಡುವ ಡ್ರೈವರ್. ಕೈಯಲ್ಲಿ ಚೆಂಡುಹೂವಿನ ದೊಡ್ಡ ಹಾರ, ಊದಿನಕಡ್ಡಿ. ಇಳಿದವನೇ ನನ್ನ ಹೆಗಲ ಮೇಲೆ ಕೈಯಿಟ್ಟು, ಯಾವಾಗ ಹೋದಳು, ನರಳಿದಳೋ ಎಂದು ಗದ್ಗದವಾಗಿ ಕೇಳಿದ. ಯಾರು ಎಂದೆ. ಅಷ್ಟರಲ್ಲಿ ತಗಡಿನ ಹಿಂದಿನಿಂದ ಎರ್ರಮ್ಮ, ಯಾವನದು ಅಳುಮುಂಜಿ ದನಿ ಎಂದು ಕೂಗಿದಳು. ಜಡೆಪ್ಪ ಹಾರದೊಂದಿಗೆ ಮೂರು ಹೆಜ್ಜೆ ಹಿಂದೆ ಹೋದ.

ವಿಷಯ ಇಷ್ಟೇ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ರೈಲ್ವೆ ಗೇಟು ದಾಟಿದ ಕೂಡಲೇ ಎಲ್ಲ ಲಾರಿಯವರ ಕಣ್ಣೂ ಎರ್ರಮ್ಮನ ಹೊಗೆ ಹುಡುಕುತ್ತಿತ್ತು. ಹೊಗೆ ಕಂಡರೆ ಗೇರ್ ಬದಲಿಸುವುದು ಅವರಿಗೆ ಅಭ್ಯಾಸ. ಹನ್ನೆರಡು ವರ್ಷದಲ್ಲಿ ಒಂದು ದಿನವೂ ಆರದ ಒಲೆಯ ಹೊಗೆ ಇದ್ದಕ್ಕಿದ್ದಂತೆ ನಿಂತರೆ ಏನೆಂದುಕೊಳ್ಳಬೇಕು? ಎರ್ರಮ್ಮ ತೀರಿಕೊಂಡಳು ಎಂದುಕೊಂಡರು. ಲೋಡು ಹೊತ್ತ ಗಾಡಿಯನ್ನು ಸಾವಿನ ಮನೆ ಮುಂದೆ ನಿಲ್ಲಿಸಬಾರದೆಂದು ಎದೆ ಮುಟ್ಟಿಕೊಂಡು ಹೋದರು. ಸುದ್ದಿ ಆಗಲೇ ಗೋವಾ ಮುಟ್ಟಿತ್ತಂತೆ. ಕಾರವಾರದ ಘಾಟಿಯ ಒಂದು ಧಾಬಾದಲ್ಲಿ ಅವಳ ಹೆಸರಲ್ಲಿ ಎರಡು ನಿಮಿಷ ಹಾರ್ನ್ ಬಂದ್ ಮಾಡಿದ್ದರು ಎಂದು ಜಡೆಪ್ಪ ಹೇಳಿದ.

ಮಾರೆಪ್ಪ ದಕ್ಷಿಣದ ಕಡೆ ಕೈ ತೋರಿಸಿ, ಹೇಳಿರಲಿಲ್ಲವೇ ಎನ್ನುವಂತೆ ನನ್ನನ್ನು ನೋಡಿದ.

ಸಾವಿಗೆ ಬಂದವನು ಜಳಕ ಮಾಡದೆ ಮನೆಗೆ ಹೋಗುವಂತಿಲ್ಲ. ಸತ್ತವಳು ಬದುಕಿದ್ದರೆ ಶಾಸ್ತ್ರ ಏನೆಂದು ಜಡೆಪ್ಪನಿಗೆ ಗೊತ್ತಾಗಲಿಲ್ಲ. ಎರ್ರಮ್ಮನೇ ತೀರ್ಮಾನ ಮಾಡಿದಳು. "ಬಂದಿದ್ದು ಸಾವಿಗೆ ಹೌದಲ್ಲೋ? ಹೋಗಿ ಜಳಕ ಮಾಡು. ರೊಕ್ಕ ಕೊಟ್ಟು ಹೋಗು." ಸೋಲಾರ್ ನೀರಿನ ಮೊದಲ ಗಿರಾಕಿ ಹೀಗೆ ಮೈಲಿಗೆ ಕಳೆಯಲು ಬಂದವನು. ಹೊರಬಂದಾಗ ಬೆಂದ ಬದನೆಕಾಯಿಯಂತಿದ್ದ, ಆದರೆ ನೀರು ಮಸ್ತ್ ಐತಿ ಎಂದ. ಹಾರವನ್ನು ವಾಪಸ್ ಒಯ್ಯುವುದು ಸರಿಯಲ್ಲವೆಂದು ನನ್ನ ಅಂಗಡಿಯ ಕಂಪ್ರೆಸರ್‌ಗೆ ಹಾಕಿ ಹೋದ.

ಜಡೆಪ್ಪ ಒಬ್ಬನ ಬಾಯಿಂದ ಎಷ್ಟು ಲಾರಿಗೆ ಸುದ್ದಿ ಮುಟ್ಟೀತು? ಬೋರ್ಡ್ ಬರೆಸಿದೆವು. ಅರ್ಧ ಜನರಿಗೆ ಕನ್ನಡ ಬಾರದು, ಇನ್ನರ್ಧಕ್ಕೆ ಓದು ಬಾರದು, ಸಂಜೆಯೊಳಗೆ ಬೋರ್ಡೇ ಕೆಂಪಾಗಿ ಯಾರಿಗೂ ಏನೂ ಕಾಣದಂತಾಯಿತು. ಆಗ ಮಾರೆಪ್ಪ ಒಂದು ಉಪಾಯ ತೆಗೆದ. ನೀರು ಸೋಲಾರಿನಲ್ಲೇ ಕಾಯಲಿ, ಹೊಗೆ ಮಾತ್ರ ತಾನು ಹಾಕುತ್ತೇನೆ, ತೋರಿಕೆಗೆ. ಸೌದೆಯ ಒಟ್ಟಿಲಿನ ಮೇಲೆ ವಾರದಿಂದ ಸುಮ್ಮನೆ ಕೂತಿದ್ದ ಮನುಷ್ಯ ಕೊಡಲಿ ಎತ್ತಿಕೊಂಡು ಎದ್ದ ಚುರುಕು ನೋಡಬೇಕಿತ್ತು. ಎರ್ರಮ್ಮ ಬೇಡ ಎನ್ನಬಹುದಿತ್ತು. ಅವನ ಕೊಡಲಿಯ ಸದ್ದು ಕೇಳಿ ಸುಮ್ಮನಾದಳು. ಟ್ಯೂಬಿನ ಚೂರು ನಾನೇ ಕೊಟ್ಟೆ. ನನ್ನ ಅಂಗಡಿ ಮುಂದೆ ಲಾರಿ ನಿಲ್ಲಬೇಕಿತ್ತು, ಅದಕ್ಕೇ ಕೊಟ್ಟೆ; ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ.

ಹೊಗೆ ಎದ್ದಿತು, ಲಾರಿಗಳು ನಿಂತವು. ಎರ್ರಮ್ಮ ಸತ್ತು ಬದುಕಿದಳೆಂದು ಕೆಲವರು ಅವಳ ಕಾಲಿಗೂ ಬಿದ್ದರು. ಹತ್ತು ದಿನ ಎಲ್ಲ ಚೆನ್ನಾಗಿತ್ತು. ಹನ್ನೊಂದನೇ ದಿನ ನೀರು ಉಗುರುಬೆಚ್ಚಗೆ ಬಂತು, ಮರುದಿನ ಅದೂ ಇಲ್ಲ. ಸಿದ್ದಲಿಂಗೇಶ್ ಬಂದು ಮಾಳಿಗೆ ಹತ್ತಿ ತಲೆ ಚಚ್ಚಿಕೊಂಡ. ಗಾಜಿನ ಮೇಲೆ ಅದಿರಿನ ಧೂಳು ಒಂದು ಪದರ, ಅದರ ಮೇಲೆ ನಮ್ಮ ತೋರಿಕೆ ಹೊಗೆಯ ಮಸಿ ಒಂದು ಪದರ. ಬಿಸಿನೀರು ಇದೆ ಎಂದು ಸಾರಲು ಹಾಕಿದ ಹೊಗೆಯೇ ಬಿಸಿನೀರನ್ನು ಮುಗಿಸಿತ್ತು. ಗಾಜನ್ನು ದಿನಾ ಒರೆಸಬೇಕು, ಹೊಗೆ ನಿಲ್ಲಿಸಬೇಕು ಎಂದು ಹೇಳಿ ಅವನು ಹೋದ. ಮಾರೆಪ್ಪ ಮಾತ್ರ, ಹೇಗೂ ಉರಿ ಇದೆಯಲ್ಲ ಎಂದು ಹಂಡೆಯನ್ನು ಎತ್ತಿ ಒಲೆಯ ಮೇಲಿಟ್ಟ. ಹಾಗೆ ನಾವು ಹೊರಟಲ್ಲಿಗೇ ಬಂದು ನಿಂತೆವು, ಮಾಳಿಗೆಯ ಮೇಲೆ ಒಂದು ಕರಿ ಪೆಟ್ಟಿಗೆ ಹೆಚ್ಚಿಗೆ.

ಎರ್ರಮ್ಮನ ಕಣ್ಣು ಮತ್ತೆ ಹರಿಯತೊಡಗಿತು. ಹನಿ ಹಾಕಿಕೊಳ್ಳುವಳು, ಕನ್ನಡಕ ಹಾಕಿಕೊಳ್ಳುವಳು, ಗೋಡೆ ಹಿಡಿಯುವಳು. ಮಾರೆಪ್ಪನಿಗೆ ಒಂದು ಮಾತೂ ಹೇಳಲಿಲ್ಲ. ನಾನು ಹೇಳಲು ಹೋದರೆ ನನಗೇ ಬೈದಳು.

ಒಂದು ಮಧ್ಯಾಹ್ನ ಆರು ಲಾರಿ ನಿಂತಿದ್ದವು. ಎರ್ರಮ್ಮ ಹಂಡೆಯಿಂದ ಕುದಿನೀರು ತೋಡಿ ಬಕೀಟಿಗೆ ಹೊಯ್ದಳು. ಬಕೀಟು ಅಲ್ಲಿರಲಿಲ್ಲ. ಅಲ್ಲಿದ್ದದ್ದು ಸೌದೆ ತಂದು ನಿಂತಿದ್ದ ಮಾರೆಪ್ಪನ ಬಲಗಾಲು. ಅವನು ಕೂಗಿದ್ದನ್ನು ಆ ಕಾಲದ ಆ ರಸ್ತೆಯ ಗದ್ದಲದಲ್ಲೂ ಎಲ್ಲರೂ ಕೇಳಿದರು. ಆದರೆ ಕಾಲಿಗೆ ತಣ್ಣೀರು ಸುರಿಯುವಾಗ ಅವಳು ಹೇಳಿದ ಮಾತಿಗೆ ಅವನ ಕೂಗು ಅಲ್ಲೇ ನಿಂತುಹೋಯಿತು.

"ಕಾಲು ಅಂತ ಕಾಣ್ಲಿಲ್ಲ. ನೀ ನಿಂತಿದ್ದೂ ಕಾಣ್ಲಿಲ್ಲ."

ಮಾರೆಪ್ಪ ಬಹಳ ಹೊತ್ತು ಅವಳ ಕನ್ನಡಕವನ್ನೇ ನೋಡಿದ. ಆಮೇಲೆ ಒಂಟಿಗಾಲಲ್ಲಿ ಕುಂಟುತ್ತ ಹೋಗಿ ಕೊಡಲಿ ತಂದು, ಅದರ ಹಿಂಬದಿಯಿಂದ ಒಲೆಯನ್ನು ಒಡೆದ. ನಾಲ್ಕೇ ಏಟು. ಉಳಿದ ಕೆಂಡಕ್ಕೆ ಹಂಡೆಯ ನೀರನ್ನೇ ಮಗುಚಿದ. ಲಾರಿಯವರು ಟವೆಲ್ ಸುತ್ತಿಕೊಂಡು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅವನು ನನ್ನ ಬಳಿ ಬಂದು ಒಂದು ಚಿಂದಿ ಕೇಳಿದ, ಏಣಿ ಹತ್ತಿ ಗಾಜು ತಿಕ್ಕಿದ. ನಾನು ಉಳಿದ ಟ್ಯೂಬಿನ ಚೂರುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಗುಜರಿಯವನಿಗೆ ಕೊಟ್ಟೆ.

ಮರುದಿನ ಹತ್ತೂವರೆಗೆ ಮಾರೆಪ್ಪ ಕಾಲಿಗೆ ಮುಲಾಮು ಹಾಕಿಸಲು ಹೊಸಪೇಟೆಗೆ ಹೊರಟ. ಆಸ್ಪತ್ರೆಗೆ ಹೋಗುವವನು ಮಸಿ ಮೈಯಲ್ಲಿ ಹೋಗಬಾರದೆಂದು ಎರ್ರಮ್ಮ ಸೋಲಾರ್ ನೀರು ಬಿಟ್ಟು, ಸುಟ್ಟ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ತಾನೇ ಬೆನ್ನು ತಿಕ್ಕಿ ಕಳಿಸಿದಳು. ಟ್ರಂಕಿನ ತಳದಿಂದ ಒಂದು ಬಿಳಿ ಪಂಚೆ, ಬಿಳಿ ಅಂಗಿ ಹೊರಬಂತು. ಅವನು ರಸ್ತೆಯ ಬದಿಗೆ ಹೋಗಿ ಬಸ್ಸಿಗೆ ಕಾದು ನಿಂತ. ಕೂಗಳತೆ ದೂರದಲ್ಲಿ, ಆ ಕೆಂಪು ರಸ್ತೆ, ಕೆಂಪು ಮರ, ಕೆಂಪು ಲಾರಿಗಳ ನಡುವೆ ಅವನೊಬ್ಬ ಬೆಳ್ಳಗೆ ನಿಂತದ್ದು ಎಷ್ಟು ದೂರಕ್ಕೆ ಕಾಣುತ್ತಿತ್ತೆಂದರೆ, ಬಸ್ಸು ಬರುವ ಮೊದಲೇ ಮೂರು ಲಾರಿ ನಿಂತವು. ಮೂವರೂ ಕೇಳಿದ್ದು ಒಂದೇ. "ಅಜ್ಜಾ, ಜಳಕ ಎಲ್ಲಿ ಮಾಡಿದ್ರಿ?"

ಮಾರೆಪ್ಪ ಮಾತಾಡುವವನಲ್ಲ. ಹಿಂದಕ್ಕೆ ಕೈ ತೋರಿಸಿದ. ಬಸ್ಸು ಬಂತು, ಹೋಯಿತು, ಅವನು ಹತ್ತಲಿಲ್ಲ.

ಅಂದಿನಿಂದ ಅದೇ ಅವನ ಕೆಲಸ. ಕಾಲಿಗೆ ಮುಲಾಮು ನಾನೇ ತಂದುಕೊಟ್ಟೆ. ಬೆಳಿಗ್ಗೆ ಗಾಜು ಒರೆಸುವುದು, ನೀರು ಕಾದ ಮೇಲೆ ಜಳಕ ಮಾಡಿ ಬಿಳಿ ಬಟ್ಟೆ ಉಟ್ಟು ರಸ್ತೆಗೆ ಹೋಗಿ ನಿಲ್ಲುವುದು, ಎರಡು ತಾಸಿನಲ್ಲಿ ಕೆಂಪಾಗಿ ಬಂದು ಮತ್ತೆ ಜಳಕ ಮಾಡುವುದು. ಆಯುಷ್ಯವಿಡೀ ಅಮಾವಾಸ್ಯೆಗೊಮ್ಮೆ ತಲೆಗೆ ನೀರು ಹಾಕಿಕೊಂಡವನು ದಿನಕ್ಕೆ ಮೂರು ಸಲ ಎರೆದುಕೊಳ್ಳುವುದನ್ನು ನೋಡಿ ನನಗೇ ಚಳಿಯಾಗುತ್ತಿತ್ತು. ಅವನು ಒಮ್ಮೆಯೂ ಗೊಣಗಲಿಲ್ಲ. ಹೊಗೆಗಿಂತ ಹೆಚ್ಚು ಗಿರಾಕಿಗಳು ಬಂದರು. ಮೋಡ ಕವಿದ ದಿನ ಬಾಗಿಲು ಹಾಕಿ ಇಬ್ಬರೂ ಮಲಗಿ ನಿದ್ದೆ ಮಾಡುತ್ತಿದ್ದರು.

ಮೂರು ತಿಂಗಳು ಕಳೆದಿರಬೇಕು. ನಾನು ಟೈರು ಬಿಚ್ಚುತ್ತ ಕೂತಿದ್ದೆ. ಎರ್ರಮ್ಮ ಬಂದು ನನ್ನ ಪಕ್ಕ ನಿಂತಳು. ಗೋಡೆ ಹಿಡಿಯದೆ, ಕನ್ನಡಕವಿಲ್ಲದೆ ಬಂದಿದ್ದಾಳೆಂದು ನನಗೆ ತಡವಾಗಿ ಹೊಳೆಯಿತು. ರಸ್ತೆಯ ಕಡೆ ನೋಡುತ್ತಿದ್ದಳು.

"ಅಲ್ಲಿ ನಿಂತಾಂವ ಯಾರೋ, ನಾಗೇಂದ್ರಪ್ಪ, ಆ ಮುದುಕ?"

"ನಿಮ್ಮ ಯಜಮಾನ್ರು, ಯಕ್ಕಾ."

ಅವಳು ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು.

"ತಲಿ ಪೂರಾ ಬೆಳ್ಳಗಾಗೈತಲ್ಲೋ. ಬೆನ್ನೂ ಬಾಗೈತಿ. ನನಗ್ಯಾರೂ ಹೇಳ್ಲೇ ಇಲ್ಲ" ಎಂದಳು.

ಅವನಿಗೆ ವಯಸ್ಸಾಗುವುದನ್ನು ನಾವೆಲ್ಲ ದಿನಾ ನೋಡುತ್ತಿದ್ದೆವು. ಹೇಳುವ ಸಂಗತಿ ಅದು ಎಂದು ಯಾರಿಗೂ ಹೊಳೆದಿರಲಿಲ್ಲ. ಅವಳು ನನ್ನನ್ನು ಎಬ್ಬಿಸಿ, ನಾನು ಕೂತಿದ್ದ ಸ್ಟೂಲನ್ನು ಎತ್ತಿಕೊಂಡು ರಸ್ತೆಯತ್ತ ನಡೆದಳು. ಹಿಂದೆ ಹೋಗಲೋ ಬೇಡವೋ ಎಂದು ಯೋಚಿಸಿದೆ, ಆದರೆ ಅವಳು ಒಂದು ಕಡೆಯೂ ಎಡವಲಿಲ್ಲ.

ಸ್ಟೂಲು ಹಾಕಿ ಅವನನ್ನು ಕೂರಿಸಿದಳು. ಎದುರಿಗೆ ನಿಂತು ಅವನ ಮುಖ ನೋಡಿದಳು. ಅಷ್ಟು ಹತ್ತಿರದಿಂದ ಅವಳು ತನ್ನನ್ನು ನೋಡುತ್ತಿದ್ದಾಳೆಂದು ಗೊತ್ತಾದ ಕೂಡಲೇ ಮಾರೆಪ್ಪ ಹೆಗಲ ಮೇಲಿನ ಟವೆಲ್ ತೆಗೆದು ತಲೆಗೂದಲು ಕಾಣದ ಹಾಗೆ ಸುತ್ತಿಕೊಂಡ. ಎರ್ರಮ್ಮ ಅದನ್ನು ಬಿಚ್ಚಿ ತನ್ನ ಕೈಯಲ್ಲಿಟ್ಟುಕೊಂಡಳು.